ಅಕ್ಕನ ಮಗನಿಗಾಗಿ 21.1 ಕಿ.ಮೀ.: ನನ್ನ ತರಬೇತಿ ಡೈರಿ, 13ನೇ ವಾರದವರೆಗೆ

1ನೇ ವಾರ

ಅಕ್ಕನ ಮಗನಿಗೆ 15 ವರ್ಷ. ಎಂಟು ತಿಂಗಳ ಹಿಂದೆ ಅವನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಎ.ಎಲ್.ಎಲ್. ಅನ್ನುವ ಬಗೆಯ ಲ್ಯುಕೇಮಿಯಾ. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ವಾಸಿಯಾಗುವ ಮಕ್ಕಳೂ ಬಹಳ, ಆದರೆ ಚಿಕಿತ್ಸೆ ಎರಡು ವರ್ಷಕ್ಕೂ ಮೀರಿ ಎಳೆಯುತ್ತದೆ. ಔಷಧಿಯ ಖರ್ಚು ಎಲ್ಲರ ಕಣ್ಣಿಗೂ ಬೀಳುತ್ತದೆ. ಆಸ್ಪತ್ರೆ ಹತ್ತಿರದ ಬಾಡಿಗೆ ಕೋಣೆ, ಓಡಾಟ, ಅಕ್ಕ ಕೆಲಸ ಬಿಟ್ಟಿದ್ದರಿಂದ ನಿಂತುಹೋದ ಸಂಬಳ, ಇವು ಯಾರಿಗೂ ಕಾಣುವುದಿಲ್ಲ.

ಇನ್ನು 15 ವಾರಕ್ಕೆ ಒಂದು ಹಾಫ್ ಮ್ಯಾರಥಾನ್ ಇದೆ. ಓಡುವವರು ತಮಗೆ ಬೇಕಾದವರಿಗಾಗಿ ಹಣ ಕೂಡಿಸಬಹುದು. ಹೆಸರು ಕೊಟ್ಟೆ. ಹಣ ನನ್ನ ಕೈಗೆ ಬರುವುದೇ ಬೇಡ ಅಂತ, ಕೊಡುವವರು ನೇರವಾಗಿ ಆಸ್ಪತ್ರೆಯಲ್ಲಿರುವ ಅವನ ಖಾತೆಗೆ ಕಟ್ಟುವ ಹಾಗೆ ಮಾಡಿದ್ದೇನೆ. ಆಗ ಅಕ್ಕನ ಕೈಲಿರುವ ದುಡ್ಡು ಬಾಡಿಗೆಗೆ ಉಳಿಯುತ್ತದೆ.

ಓಡಿದ್ದು: ಮೂರು ದಿನ, ಒಟ್ಟು 12 ಕಿ.ಮೀ.

2ನೇ ವಾರ

ತಪ್ಪು ಮಾಡಿದೆ. ಅವನು ತಲೆಗೂದಲೆಲ್ಲ ಉದುರಿ ಹಾಸಿಗೆ ಮೇಲೆ ಮಲಗಿದ್ದ ಫೋಟೋವನ್ನು ಅವನನ್ನು ಕೇಳದೆ ಎಲ್ಲರಿಗೂ ಕಳಿಸಿದೆ. ಜನರ ಮನಸ್ಸು ಕರಗಲಿ ಅಂತ. ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಮೆಸೇಜ್ ಬಂತು: "ಚಿಕ್ಕಿ, ನನ್ನ ಕ್ಲಾಸಿನವರೆಲ್ಲ ಅದನ್ನ ನೋಡಿದ್ದಾರೆ. ನನ್ನನ್ನ ಒಂದು ಮಾತು ಕೇಳಬೇಕಿತ್ತು."

ಹೌದು, ಕೇಳಬೇಕಿತ್ತು. ಸಣ್ಣ ಮಗುವಾಗಿದ್ದರೆ ಅಪ್ಪ ಅಮ್ಮ ತೀರ್ಮಾನ ಮಾಡುತ್ತಾರೆ. 15 ವರ್ಷದವನಿಗೆ ನಾಳೆ ಮತ್ತೆ ಅದೇ ಕ್ಲಾಸಿಗೆ ಹೋಗಿ ಕೂರಬೇಕು. ಫೋಟೋ ತೆಗೆದುಹಾಕಿದೆ, ಕ್ಷಮೆ ಕೇಳಿದೆ. ಈಗ ಹೊರಗೆ ಹೋಗುವ ಪ್ರತಿ ಸಾಲನ್ನೂ ಮೊದಲು ಅವನೇ ಓದುತ್ತಾನೆ. ಹೆಸರು ಬೇಡ ಅಂದ. ಫೋಟೋಗೆ ತನ್ನ ಹಳೇ ಓಟದ ಶೂ ಆರಿಸಿದ. ಕಾಯಿಲೆಗೆ ಮುಂಚೆ ಶಾಲೆಯ ರಿಲೇ ತಂಡದಲ್ಲಿದ್ದ ಹುಡುಗ ಅವನು.

4ನೇ ವಾರ

ಟೆರಿ ಫಾಕ್ಸ್ ಬಗ್ಗೆ ಎಲ್ಲೋ ಓದಿದ್ದಾನೆ. ಮೂಳೆ ಕ್ಯಾನ್ಸರಿನಿಂದ 1977ರಲ್ಲಿ, 18ನೇ ವಯಸ್ಸಿಗೆ ಬಲಗಾಲು ಕಳೆದುಕೊಂಡ ಕೆನಡಾದ ಹುಡುಗ. 1980ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲು ಕಟ್ಟಿಕೊಂಡು 143 ದಿನ, 5,373 ಕಿ.ಮೀ. ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದಕ್ಕೆ ನಿಲ್ಲಿಸಬೇಕಾಯಿತು. ಮರುವರ್ಷ ತೀರಿಕೊಂಡ.

"ಅವನು ತಾನೇ ಓಡಿದ ಚಿಕ್ಕಿ. ನಾನು ಸುಮ್ನೆ ಮಲಗಿರ್ತೀನಿ, ನೀನು ಓಡ್ತೀಯ" ಅಂದ. ಏನು ಹೇಳಬೇಕೋ ತೋಚಲಿಲ್ಲ. ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಕೇಳಿದೆ: ನನ್ನ ಕೋಚ್ ಆಗ್ತೀಯಾ? ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ವಾರದ ಚಾರ್ಟ್ ಬಂತು.

6ನೇ ವಾರ

ಕೋಚ್ ಹೇಳಿದ್ದು 24 ಕಿ.ಮೀ. ನಾನು ಓಡಿದ್ದು 37. ದೇಣಿಗೆ ನಿಂತಿತ್ತು, ಮನಸ್ಸಿಗೆ ನೆಮ್ಮದಿ ಇರಲಿಲ್ಲ, ಸುಮ್ಮನೆ ಓಡುತ್ತಾ ಹೋದೆ. ಈಗ ಎರಡೂ ಕಾಲಿನ ಮುಂದಿನ ಎಲುಬಿನ ಉದ್ದಕ್ಕೂ ನೋವು. ಶಿನ್ ಸ್ಪ್ಲಿಂಟ್. ದೂರವನ್ನು ಒಮ್ಮೆಲೇ ಏರಿಸಿದರೆ ಆಗುವುದೇ ಇದು. ಹತ್ತು ದಿನ ಓಟ ಬಂದ್.

7ನೇ ವಾರ

ಈ ವಾರದ ವಿಷಯ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ವಿನ್‌ಕ್ರಿಸ್ಟಿನ್ ಅನ್ನುವ ಔಷಧಿ ಅವನ ಚಿಕಿತ್ಸೆಯಲ್ಲಿ ಮುಖ್ಯ. ಅದು ನರಗಳಿಗೂ ಪೆಟ್ಟು ಕೊಡುತ್ತದೆ. ಅವನಿಗೆ ಪಾದದ ಮುಂಭಾಗ ಮೇಲೆತ್ತಲು ಆಗುತ್ತಿಲ್ಲ. ನಡೆಯುವಾಗ ಬೆರಳು ನೆಲಕ್ಕೆ ಎಳೆಯುತ್ತದೆ, ಎಡವುತ್ತಾನೆ. ಫಿಸಿಯೋಥೆರಪಿಸ್ಟ್ ಕೊಟ್ಟ ವ್ಯಾಯಾಮ: ಗೋಡೆಗೆ ಬೆನ್ನು ಕೊಟ್ಟು ನಿಲ್ಲು, ಹಿಮ್ಮಡಿ ನೆಲದಲ್ಲೇ ಇರಲಿ, ಪಾದದ ಮುಂಭಾಗ ಎತ್ತು, ನಿಧಾನ ಇಳಿಸು.

ನನ್ನ ಕಾಲಿಗೆ ಹೇಳಿದ್ದೂ ಅದೇ ವ್ಯಾಯಾಮ! ಪಾದ ಎತ್ತುವ ಆ ಸ್ನಾಯು ನನ್ನಲ್ಲಿ ಓಟಕ್ಕೆ ಸಾಲುತ್ತಿಲ್ಲ, ಅವನಲ್ಲಿ ಅದಕ್ಕೆ ನರದ ಅಪ್ಪಣೆ ಸರಿಯಾಗಿ ತಲುಪುತ್ತಿಲ್ಲ. ಕಾರಣ ಬೇರೆ, ಕೆಲಸ ಒಂದೇ. ಈಗ ದಿನಾ ಸಂಜೆ ವಿಡಿಯೋ ಕಾಲ್. ಅವನು ಅವನ ಗೋಡೆಗೆ, ನಾನು ನನ್ನ ಗೋಡೆಗೆ. ಮೊದಲ ದಿನ ಅವನು 6 ಸಲ ಎತ್ತಿದ. ಪಾದ ನೆಲ ಬಿಟ್ಟಿದ್ದು ಒಂದು ಬೆರಳಿನಷ್ಟು ಎತ್ತರ. ಹಿಂದೆ ನಿಂತಿದ್ದ ಅಕ್ಕ ಕಣ್ಣೊರೆಸಿಕೊಂಡಿದ್ದು ಕ್ಯಾಮೆರಾದಲ್ಲಿ ಕಂಡಿತು. ಅವನಿಗೆ ಕಾಣಲಿಲ್ಲ.

9ನೇ ವಾರ

ಅವನಿಗೆ 38.2 ಡಿಗ್ರಿ ಸೆಲ್ಸಿಯಸ್ (ಸುಮಾರು 100.8 ಫ್ಯಾರನ್‌ಹೀಟ್) ಜ್ವರ. ಬಿಳಿ ರಕ್ತಕಣ ಕುಸಿದಿರುವಾಗ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ, ತಕ್ಷಣ ಆಸ್ಪತ್ರೆ. ಐದು ದಿನ ಅಲ್ಲೇ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಬೇಕಾಯಿತು. ಅದನ್ನು ಐದರಿಂದ ಏಳು ದಿನಕ್ಕಿಂತ ಜಾಸ್ತಿ ಇಡಲು ಆಗುವುದಿಲ್ಲ, ಹಾಗಾಗಿ ದಾನಿಗಳು ಸದಾ ಬೇಕು. ನಾನೂ ಕೊಟ್ಟೆ. ಯಂತ್ರ ಪ್ಲೇಟ್‌ಲೆಟ್ ಮಾತ್ರ ತೆಗೆದು ಕೆಂಪು ಕಣಗಳನ್ನು ಮರಳಿ ನನಗೇ ಕೊಡುತ್ತದೆ, ಹಾಗಾಗಿ ತರಬೇತಿ ಹೆಚ್ಚು ಕೆಡಲಿಲ್ಲ.

ದಯವಿಟ್ಟು ಒಂದು ಮಾತು: ಹಣ ಕೊಡಲಾಗದವರು ಸಂಕೋಚಪಡಬೇಡಿ. ರಕ್ತನಿಧಿಯಲ್ಲಿ ಹೆಸರು ಬರೆಸಿದರೂ ಅದು ದೊಡ್ಡ ಸಹಾಯವೇ.

11ನೇ ವಾರ

14 ಕಿ.ಮೀ., ನೋವಿಲ್ಲ. ದೇಣಿಗೆ ಗುರಿಯ ಅರ್ಧ ದಾಟಿತು. ಅವನ ರಿಲೇ ತಂಡದ ಮೂವರು ಹುಡುಗರು ಒಟ್ಟಾಗಿ ಕಳಿಸಿದ್ದು ನೋಡಿ ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಅವರಿಗೆ ತಾನೇ ಫೋನ್ ಮಾಡಿದ. ಕಾಯಿಲೆ ಗೊತ್ತಾದ ಮೇಲೆ ಇದೇ ಮೊದಲು.

13ನೇ ವಾರ

ಇವತ್ತು 18 ಕಿ.ಮೀ. ಇದೇ ಅತಿ ಉದ್ದದ ಓಟ, ಇನ್ನು ದೂರ ಇಳಿಸುತ್ತಾ ಹೋಗುವುದು. ಕೊನೆಯ ಮೂರು ಕಿ.ಮೀ. ತುಂಬ ಕಷ್ಟವಾಯಿತು. ಮೊದಲ ಐದನ್ನು ಜೋರಾಗಿ ಓಡಿಬಿಟ್ಟಿದ್ದೆ. "ಓಡ್ತಾ ಓಡ್ತಾ ಮಾತಾಡೋಕೆ ಆಗ್ಬೇಕು ಚಿಕ್ಕಿ, ಎಷ್ಟು ಸಲ ಹೇಳೋದು" ಅಂತ ಬೈದ. ಓಟದ ದಿನಕ್ಕೆ ಅವನ ಲೆಕ್ಕ ಕಿಲೋಮೀಟರಿಗೆ 7 ನಿಮಿಷ. 2 ಗಂಟೆ 28 ನಿಮಿಷದಲ್ಲಿ ಮುಗಿಯಬೇಕು.

ಅವನು ಬರಬಹುದಾ ಅನ್ನುವುದು ಆ ವಾರದ ರಕ್ತಪರೀಕ್ಷೆ ಮೇಲಿದೆ. ಬರಲಾಗದಿದ್ದರೆ ಫೋನಿನಲ್ಲೇ ಇರುತ್ತಾನೆ.

ಚಾರ್ಟಿನಲ್ಲಿ ಈಗ ಎರಡು ಕಾಲಂ ಇವೆ. ಎರಡನೆಯದನ್ನು ಅವನೇ ಸೇರಿಸಿದ್ದು. ಇವತ್ತಿನ ಸಾಲು: ಚಿಕ್ಕಿ, 18 ಕಿ.ಮೀ. ನಾನು, ಹಿಮ್ಮಡಿ ಮೇಲೆ 11 ಹೆಜ್ಜೆ, ಗೋಡೆ ಹಿಡಿಯದೆ.