ಆಗಸ್ಟಿನ ರೂಟು, ಅಕ್ಟೋಬರಿನ ಕೆಸರು

ದಕ್ಷಿಣ ಇಂಗ್ಲೆಂಡಿನ ಹಳ್ಳಿ ಕಡೆ ಗ್ರಾವೆಲ್, ಅಂದರೆ ಜಲ್ಲಿ ದಾರಿ, ಅನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಗ್ರಾವೆಲ್ ಸೈಕಲ್ ಟೂರ್ ಮಾರುವ ಕಂಪನಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿರೋದು ಸೀಮೆಸುಣ್ಣದ ಕಲ್ಲಿನ ದಾರಿ, ಹುಲ್ಲು, ಚಕಮಕಿ ಕಲ್ಲು, ಬೇರು, ಆಮೇಲೆ ಜೇಡಿಮಣ್ಣು. ಬ್ರೋಷರ್‌ನಲ್ಲಿ ಮಾತ್ರ ಎಲ್ಲದಕ್ಕೂ ಒಂದೇ ಹೆಸರು.

ನಾನಿರೋದು ರೂಟ್ ಡೆಸ್ಕಿನಲ್ಲಿ. ರೆಕ್ಕಿ ಮಾಡುವುದು, ಅಂದರೆ ಮೊದಲೇ ಹೋಗಿ ದಾರಿ ನೋಡಿ ಬರುವುದು, ಜಿಪಿಎಸ್‌ಗೆ ಹಾಕುವ ದಾರಿಯ ಜಿಪಿಎಕ್ಸ್ ಫೈಲ್ ತಯಾರಿಸುವುದು, ಟೂರ್ ದಿನ ಗುಂಪು ಎಲ್ಲಿದೆ ಅಂತ ತೋರಿಸುವ ಟ್ರ್ಯಾಕರ್ ನೋಡುತ್ತಾ ಕೂರುವುದು. ಮ್ಯಾನೇಜರ್ ಕೊಡುವ ಸ್ಪೆಕ್ ಯಾವಾಗಲೂ ಒಂದೇ: ಶೇ. 80 ಆಫ್‌ರೋಡ್. ಆ 80 ಎಲ್ಲಿಂದ ಬಂತು ಅಂತ ಕೇಳಿದರೆ ನಗುತ್ತಾರೆ.

ರಿಡ್ಜ್‌ವೇ ಮೇಲೆ ಆ ಲೆಕ್ಕ ಸುಲಭವಾಗಿ ಕೂಡಿಬರುತ್ತದೆ. ಏವ್‌ಬರಿ ಹತ್ತಿರದ ಓವರ್ಟನ್ ಹಿಲ್‌ನಿಂದ ಐವಿಂಗ್‌ಹೋ ಬೀಕನ್‌ವರೆಗೆ 139 ಕಿ.ಮೀ. ಉದ್ದದ ಹಳೇ ದಾರಿ ಅದು. ನಮ್ಮ ಟೂರ್ ಪಶ್ಚಿಮದ ಅರ್ಧ ಮಾತ್ರ, ಥೇಮ್ಸ್ ದಡದ ಸ್ಟ್ರೀಟ್ಲಿವರೆಗೆ. ಅಲ್ಲಿಂದಾಚೆ ಅಲ್ಲಲ್ಲಿ ಫುಟ್‌ಪಾತ್, ಅಂದರೆ ಬರೀ ನಡೆಯುವವರ ದಾರಿ, ಬರುತ್ತದೆ, ಸೈಕಲ್‌ಗೆ ಹಕ್ಕಿಲ್ಲ. ಪಶ್ಚಿಮದ ಭಾಗ ಚೆನ್ನಾಗಿದೆ. ಅಗಲವಾದ ಬಂಡಿದಾರಿ, ಎರಡೂ ಕಡೆ ಗೋಧಿ ಹೊಲ, ನಡುವೆ ವೇಲ್ಯಾಂಡ್ಸ್ ಸ್ಮಿಥಿಯ ಕಲ್ಲು ಗೋರಿ, ಅಫಿಂಗ್ಟನ್‌ನ ಗುಡ್ಡದ ಮೇಲೆ ಕೆತ್ತಿದ ಬಿಳಿ ಕುದುರೆ. ಸೀಮೆಸುಣ್ಣದ ಕಲ್ಲು ಮಳೆಯಲ್ಲಿ ಜಾರುತ್ತದೆ ನಿಜ, ಆದರೆ ನೀರು ಬೇಗ ಇಂಗುತ್ತದೆ.

ತೊಂದರೆ ಶುರುವಾಗೋದು ರಾತ್ರಿ ವಸತಿಯಿಂದ. ಗುಡ್ಡದ ಏಣಿನ ಮೇಲೆ ಊರುಗಳಿಲ್ಲ. ಹಳ್ಳಿಗಳೆಲ್ಲ ಕೆಳಗೆ, ಸುಣ್ಣದ ಗುಡ್ಡದಿಂದ ಊಟೆ ಏಳುವ ಸಾಲಿನಲ್ಲಿವೆ. ನಮ್ಮ ಪಬ್ ಇನ್ನೂ ಕೆಳಗೆ, ವೇಲ್ ಒಳಗೆ, ಅಂದರೆ ಗುಡ್ಡದ ಬುಡದ ಜೇಡಿಮಣ್ಣಿನ ಬಯಲಲ್ಲಿ. ಟಾರ್ ರಸ್ತೆಯಲ್ಲಿ ಇಳಿದರೆ ಪರ್ಸೆಂಟೇಜ್ ಇಳಿಯುತ್ತದೆ. ಅದಕ್ಕೇ ಕಾಲುದಾರಿಗಳನ್ನೂ ತೋರಿಸುವ ಎಕ್ಸ್‌ಪ್ಲೋರರ್ ಮ್ಯಾಪ್ ಹರಡಿಕೊಂಡು ಹುಡುಕಿದೆ. ಪಬ್ ಬಾಗಿಲ ತನಕ ಹಸಿರು ಉದ್ದ ತುಂಡುಗೆರೆ, ಅಂದರೆ ಕುದುರೆ ಸವಾರರೂ ಹೋಗಬಹುದಾದ ಬ್ರಿಡಲ್‌ವೇ, ಸಿಕ್ಕಿತು. ಆಗಸ್ಟಿನಲ್ಲಿ ರೆಕ್ಕಿ ಮಾಡಿದಾಗ ನೆಲ ಇಟ್ಟಿಗೆ ಥರ ಇತ್ತು. ಬೆರಳು ಇಳಿಯುವಷ್ಟು ಬಿರುಕು. ಫೋಟೋ ಕೂಡ ತೆಗೆದೆ, ಬ್ರೋಷರ್‌ಗೆ ಹೋಯಿತು.

ನಾನು ನರಗುಂದದ ಕಡೆಯವನು. ಬೇಸಿಗೆಯಲ್ಲಿ ಹಾಗೆ ಬಾಯಿ ಬಿಡುವ ನೆಲ ಮಳೆಗಾಲದಲ್ಲಿ ಏನು ಮಾಡುತ್ತದೆ ಅಂತ ನಮ್ಮ ಎರೆ ಹೊಲದಲ್ಲಿ ಚಪ್ಪಲಿ ಕಳಕೊಂಡ ಯಾವ ಹುಡುಗನಿಗೂ ಗೊತ್ತು. ಆದರೆ ಇಂಗ್ಲೆಂಡಿಗೆ ಬಂದಮೇಲೆ ಮಣ್ಣನ್ನು ನೋಡೋದೇ ಬಿಟ್ಟಿದ್ದೆ. ಮ್ಯಾಪ್ ಅಷ್ಟು ಚೆನ್ನಾಗಿತ್ತಲ್ಲ.

ಟೂರ್ ಇದ್ದದ್ದು ಅಕ್ಟೋಬರಿನ ಕೊನೇ ಭಾನುವಾರ. ಆ ವಾರ ಪೂರ್ತಿ ಮಳೆ. ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗುವುದೂ ಅದೇ ಬೆಳಗಿನ ಜಾವ. ಶನಿವಾರ ಸೂರ್ಯ ಮುಳುಗಿದ್ದು ಸುಮಾರು 5:45ಕ್ಕೆ, ಭಾನುವಾರ 4:45ಕ್ಕೆ. ನನ್ನ ಶೀಟಿನಲ್ಲಿ ಇದ್ದದ್ದು ಶನಿವಾರದ ಲೆಕ್ಕ. ಪ್ಯಾಕಿಂಗ್ ಲಿಸ್ಟಿನಲ್ಲಿ ಲೈಟ್ ಕಡ್ಡಾಯ ಅಂತಲೂ ಇರಲಿಲ್ಲ.

ಮಧ್ಯಾಹ್ನದ ತನಕ ಎಲ್ಲಾ ಸರಿಯಿತ್ತು. ನಾಲ್ಕಕ್ಕೆ ಸ್ವಲ್ಪ ಮುಂಚೆ ಟ್ರ್ಯಾಕರ್‌ನಲ್ಲಿ ಚುಕ್ಕೆಗಳು ಬ್ರಿಡಲ್‌ವೇಗೆ ತಿರುಗಿದವು, ನಿಂತವು. ಪಂಕ್ಚರ್ ಇರಬೇಕು ಅಂದುಕೊಂಡು ಚಹಾ ಮಾಡಿಕೊಂಡು ಬಂದೆ. ಚುಕ್ಕೆಗಳು ಅಲ್ಲೇ. ವಾಟ್ಸಾಪ್‌ಗೆ ಒಂದು ಫೋಟೋ ಬಂತು. ಫೋರ್ಕಿನ ಸಂದಿನಲ್ಲಿ ಮಣ್ಣು ಗಿಡಿದು ಟೈರೇ ಕಾಣುತ್ತಿರಲಿಲ್ಲ. ಹಿಂದೆಯೇ ಲೀಡ್ ಗೈಡ್ ಫೋನ್.

"ಚಕ್ರ ತಿರುಗ್ತಿಲ್ಲ. ಕುದುರೆ ಓಡಾಡಿ ದಾರಿ ಪೂರ್ತಿ ಗುಂಡಿ. ಹಿಂದೆ ಹೋಗ್ಲಾ, ಮುಂದೆ ಹೋಗ್ಲಾ?"

ವಾಪಸ್ ಬಂದರೆ ಬಿ 4507 ರಸ್ತೆ ಸಿಗುತ್ತಿತ್ತು, ವ್ಯಾನ್ ಅಲ್ಲಿಗೆ ಬರುತ್ತಿತ್ತು. ಆದರೆ ಸ್ಕ್ರೀನಿನಲ್ಲಿ ಮುಂದಿನ ಗೇಟ್ ಒಂದು ಕಿಲೋಮೀಟರ್ ಕೂಡ ಇರಲಿಲ್ಲ. ವಾಪಸ್ ದಾರಿ ಸ್ವಲ್ಪ ಜಾಸ್ತಿ. "ಮುಂದೆ ಹೋಗಿ, ತಳ್ಳಿಕೊಂಡು ಹೋದರೆ ಹತ್ತು ನಿಮಿಷ" ಅಂದೆ. ಅಷ್ಟು ಸಲೀಸಾಗಿ.

ತಿರುಗದ ಚಕ್ರವನ್ನು ತಳ್ಳೋಕೆ ಆಗಲ್ಲ. ಹೊತ್ತುಕೊಂಡೇ ಹೋಗಬೇಕು, ಮಣ್ಣು ಮೆತ್ತಿದ ಸೈಕಲ್ ಭಾರ ಬೇರೆ. ಇದು ಕುರ್ಚಿಯಲ್ಲಿ ಕೂತವನಿಗೆ ಹೊಳೆಯಲಿಲ್ಲ. ನಾಲ್ಕೂವರೆ ಆಯಿತು. ಚುಕ್ಕೆ ತೆವಳುತ್ತಿತ್ತು. ಯಾರೋ ಹಟ ಮಾಡಿ ಪೆಡಲ್ ತುಳಿದು ಹಿಂದಿನ ಗೇರ್ ಹಿಡಿದಿರುವ ಹ್ಯಾಂಗರ್ ಮುರಿದುಕೊಂಡರು. ಕಿಟಕಿಯಲ್ಲಿ ಕತ್ತಲಾಗೋದು ಕಾಣುತ್ತಿತ್ತು, ಆಗ ನನಗೆ ಗಡಿಯಾರದ ವಿಷಯ ನೆನಪಾಯಿತು. ಗೈಡ್‌ಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಎರಡೂ ಕೈಯಲ್ಲಿ ಸೈಕಲ್ ಇದ್ದವನು ಹೇಗೆ ಎತ್ತುತ್ತಾನೆ? ವ್ಯಾನ್ ಡ್ರೈವರ್ ಗೇಟಿನ ಆಚೆ ಹೆಡ್‌ಲೈಟ್ ಹಾಕಿ ನಿಂತಿದ್ದ. ಬ್ರಿಡಲ್‌ವೇ ಮೇಲೆ ಗಾಡಿ ತರುವ ಹಾಗಿಲ್ಲ, ತಂದಿದ್ದರೂ ಹೂತು ಹೋಗುತ್ತಿತ್ತು. ಕೊನೆಯವರು ಗೇಟ್ ತಲುಪುವಾಗ ಐದೂಕಾಲು. ಯಾರಿಗೂ ಪೆಟ್ಟಾಗಲಿಲ್ಲ.

ಪಬ್‌ಗೆ ಹೋದರೆ ಭಾನುವಾರದ ಅಡುಗೆಮನೆ ಮುಚ್ಚಿತ್ತು. ಚಿಪ್ಸ್ ಪೊಟ್ಟಣ ಮತ್ತು ಬಿಯರ್, ಅಷ್ಟೇ. ಮರುದಿನ ಬಂದ ದೂರಿನ ಮೇಲ್‌ನಲ್ಲಿ ಕೆಸರಿಗೆ ಒಂದೇ ಸಾಲು, ತಪ್ಪಿಹೋದ ಭಾನುವಾರದ ರೋಸ್ಟ್ ಊಟಕ್ಕೆ ಎರಡು ಪ್ಯಾರಾ! ಜೊತೆಗೆ ನನ್ನ ಆಗಸ್ಟ್ ಫೋಟೋ ಲಗತ್ತಿಸಿ, ಇದು ಯಾವ ದೇಶ ಅಂತ ಕೇಳಿದ್ದರು.

ಮ್ಯಾನೇಜರ್ ಕೌನ್ಸಿಲ್‌ಗೆ ದೂರು ಕೊಡೋಣ ಅಂದರು. ಕೊಟ್ಟು ಏನು ಪ್ರಯೋಜನ? ಬ್ರಿಡಲ್‌ವೇ ಮೇಲೆ ಸೈಕಲ್ ಓಡಿಸುವ ಹಕ್ಕು ಕೊಟ್ಟದ್ದು 1968ರ ಕಂಟ್ರಿಸೈಡ್ ಆ್ಯಕ್ಟ್. ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು ಅನ್ನುತ್ತದೆ. ಅದೇ ಸೆಕ್ಷನ್‌ನಲ್ಲಿ, ಸೈಕಲ್‌ನವರಿಗೆ ಅನುಕೂಲ ಮಾಡಿಕೊಡುವ ಹೊಣೆ ಯಾರ ಮೇಲೂ ಇಲ್ಲ ಅಂತಲೂ ಇದೆ. ಹಸಿರು ಗೆರೆ ಹೇಳೋದು ಹೋಗಬಹುದು ಅಂತ ಮಾತ್ರ. ಹೋಗೋಕಾಗುತ್ತಾ ಅನ್ನೋದು ಬೇರೆ ಪ್ರಶ್ನೆ. ನಮ್ಮ ರೂಟಿಂಗ್ ಆ್ಯಪ್ ಅಂತೂ ಸೀಮೆಸುಣ್ಣದ ಕಲ್ಲಿಗೂ ಜೇಡಿಗೂ ಒಂದೇ ಬಣ್ಣ ಹಾಕಿ "ಅನ್‌ಪೇವ್ಡ್" ಅಂದು ಕೈ ತೊಳೆದುಕೊಳ್ಳುತ್ತದೆ. ಅದಕ್ಕೆ ವರ್ಷ ವರ್ಷ ದುಡ್ಡು ಬೇರೆ ಕಟ್ಟುತ್ತೇವೆ.

ಈಗ ಫೈಲ್ ಮಾಡುವ ಮುಂಚೆ ಬ್ರಿಟಿಷ್ ಜಿಯಾಲಾಜಿಕಲ್ ಸರ್ವೆಯ ಆನ್‌ಲೈನ್ ಮ್ಯಾಪ್ ತೆರೆಯುತ್ತೇನೆ. ಪುಕ್ಕಟೆ ಇದೆ. ಚಾಕ್, ಅಂದರೆ ಸೀಮೆಸುಣ್ಣದ ಕಲ್ಲು, ಅಂತಿದ್ದರೆ ನಿರಾಳ. ಗಾಲ್ಟ್ ಕ್ಲೇ ಅಥವಾ ಕಿಮ್ಮರಿಜ್ ಕ್ಲೇ (ಎರಡೂ ಜೇಡಿಯೇ) ಅಂತಿದ್ದರೆ ಆ ತುಂಡು ಬೇಸಿಗೆ ಫೈಲಿಗೆ ಮಾತ್ರ. ಚಳಿಗಾಲದ ಫೈಲ್ ಬೇರೆ, ಅದರಲ್ಲಿ ವೇಲ್ ಪೂರ್ತಿ ಟಾರ್. ಇನ್ನೊಂದು, ದಾರಿಯಲ್ಲಿ ನಿಂತವರು ಫೋನ್ ಮಾಡಿದರೆ ನಾನು ದೂರ ಹೇಳುವುದಿಲ್ಲ. ಕಾಲು ಕೆಸರಲ್ಲಿ ಇರುವವರೇ ತೀರ್ಮಾನ ಮಾಡಲಿ, ವ್ಯಾನ್ ಎಲ್ಲಿಗೆ ಬೇಕು ಅಂತಷ್ಟೇ ಕೇಳುತ್ತೇನೆ.

ಚಳಿಗಾಲದ ಫೈಲಿನಲ್ಲಿ ಆಫ್‌ರೋಡ್ ಶೇ. 60 ಕೂಡ ದಾಟುವುದಿಲ್ಲ. ಫೆಬ್ರವರಿಗೆ ಒಂದು ಗುಂಪು ಬುಕ್ ಆಗಿದೆ, ಮ್ಯಾನೇಜರ್ ಅವರಿಗೆ 80 ಅಂತ ಆಗಲೇ ಹೇಳಿಬಿಟ್ಟಿದ್ದಾರಂತೆ. ಹಳೇ ಜಿಪಿಎಕ್ಸ್ ಕಳಿಸು ಅಂತ ನಿನ್ನೆ ಮತ್ತೆ ಮೇಲ್ ಬಂತು. ಫೆಬ್ರವರಿಯಲ್ಲಿ ರೆಕ್ಕಿ ಮಾಡೋಣ, ನೀವೂ ಬನ್ನಿ, ನಿಮ್ಮ ಸೈಕಲ್ ತನ್ನಿ ಅಂತ ಉತ್ತರ ಬರೆದಿದ್ದೇನೆ.