ಮಡಚುವ ಫೋನೂ ನಾಲ್ಕು ಬ್ಯಾರಲ್ ಬೋರ್ಡೋವೂ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಹಾಜರಿ ಬರೆಯುವುದು, ಆಳುಗಳಿಗೆ ಕೆಲಸ ಹಂಚುವುದು, ಶನಿವಾರ ಬಟವಾಡೆ. ಎರಡು ಮಳೆಗಾಲಕ್ಕೆ ಎರಡು ಟಚ್ ಫೋನ್ ಕೆಟ್ಟವು. ಒದ್ದೆ ಬೆರಳಿಗೆ ಆ ಗಾಜು ಮಾತೇ ಕೇಳುವುದಿಲ್ಲ. ಬೇಸತ್ತು ಗುಂಡಿ ಇರುವ, ಮಡಚುವ ಫೋನ್ ತಂದೆ.

ಸುಖ ಅಂದರೆ ಸುಖ. ಕೆಸರುಗೈಯಲ್ಲೂ ನಂಬರ್ ಒತ್ತಬಹುದು. ಮರ ಬಿದ್ದು ಮೂರು ದಿನ ಕರೆಂಟ್ ಹೋದರೂ ಫೋನಿಗೆ ಜೀವ ಇರುತ್ತದೆ. ತೆರೆದರೆ ಹಲೋ, ಮುಚ್ಚಿದರೆ ಮುಗೀತು.

ಮೆಸೇಜ್ ಮಾತ್ರ ದೊಡ್ಡ ತಮಾಷೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ ಬರೀ 70. ಅದರಲ್ಲೂ ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಸ್ಪ್ರೇ’ ಒಂದೇ ಆರನ್ನು ನುಂಗುತ್ತದೆ! ನನ್ನ ಸೆಟ್‌ಗೆ ಕನ್ನಡ ಬಂದರೆ ಕಾಣುವುದು ಸಾಲು ಸಾಲು ಚೌಕ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕು. ಅಲ್ಲಿ, ಒತ್ತಿದ ಗುಂಡಿ ನೋಡಿ ತಾನೇ ಪದ ಊಹಿಸುವ ಟಿ9 ಅಡ್ಡ ಬರುತ್ತದೆ. ಕೆ, ಎಲ್ ಎರಡೂ 5ರ ಗುಂಡಿಯಲ್ಲಿ, ಎಂ, ಎನ್ ಎರಡೂ 6ರಲ್ಲಿ. ‘ಮಳೆ’ ಒತ್ತಿದರೆ ‘ಮೇಕ್’ ಆಗುತ್ತದೆ, ‘ಮನೆ’ ಒತ್ತಿದರೆ ‘ನೇಮ್’. “ಮೇಕ್ ಬಂತು, ನೇಮ್ ಸೇರಿ” ಅಂತ ನಾನು ಕಳಿಸಿದ್ದನ್ನು ಮೇಸ್ತ್ರಿ ಇವತ್ತಿಗೂ ಆಡಿಕೊಳ್ಳುತ್ತಾರೆ.

ಎಡವಟ್ಟಾಗಿದ್ದು ಒಂದು ಮೇ ತಿಂಗಳಲ್ಲಿ. ಮುಂಗಾರಿಗೆ ಮುಂಚೆ ಎಲೆ ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಸಮಯ. 200 ಲೀಟರ್ ಬ್ಯಾರಲ್‌ಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ್ದನ್ನು ನಾಳೆಗೆ ಇಡುವ ಹಾಗಿಲ್ಲ, ಹೊಡೆದಿದ್ದು ಎಲೆ ಮೇಲೆ ಒಣಗಲೇಬೇಕು. ಬೆಳಿಗ್ಗೆಯೇ ನಾಲ್ಕು ಬ್ಯಾರಲ್ ಕಲಸಿಸಿದೆ. ಎರಡನೆಯದು ಮುಗಿಯುವಷ್ಟರಲ್ಲಿ ಜೋರು ಮಳೆ. ಎಲೆಯ ನೀಲಿಯೆಲ್ಲ ಬುಡಕ್ಕೆ ಇಳಿಯಿತು.

ಮ್ಯಾನೇಜರ್ ಬಂದವರೇ, “ಏನ್ ರೈಟ್ರೇ, ಮಳೆ ಐತೆ, ಸ್ಪ್ರೇ ಬೇಡ ಅಂತ ರಾತ್ರಿನೇ ಗ್ರೂಪಿಗೆ ಹಾಕಿದ್ನಲ್ಲಾ?” ಅಂದರು.

“ನನ್ ಫೋನಿಗೆ ಗ್ರೂಪ್ ಬರಲ್ಲ ಸಾರ್.”

ಅವರಿಗೆ ಅದು ಗೊತ್ತೇ ಇರಲಿಲ್ಲ. ಹೇಳಬೇಕಿದ್ದವನು ನಾನು, ಹೇಳಿರಲಿಲ್ಲ. ಅಷ್ಟು ದಿನ ಗ್ರೂಪಿನ ಸುದ್ದಿಯನ್ನೆಲ್ಲ ನನಗೆ ಮುಟ್ಟಿಸುತ್ತಿದ್ದವರು ಮೇಸ್ತ್ರಿ. ಹಿಂದಿನ ದಿನ ಅವರು ಮದುವೆಗೆ ಅಂತ ಊರಿಗೆ ಹೋಗಿದ್ದರು. ಫೋನ್ ಕಾಟ ತಪ್ಪಿತು ಅಂತ ನಾನು ಊರೆಲ್ಲ ಸಾರಿಕೊಂಡು ಬಂದಿದ್ದೆ, ನಿಜವಾಗಿ ಆ ನೆಮ್ಮದಿಗೆ ಅವರ ಡೇಟಾ ಖರ್ಚಾಗುತ್ತಿತ್ತು. ಅದು ಹೊಳೆದಾಗ ಬ್ಯಾರಲ್ ಹೋಗಿದ್ದಕ್ಕಿಂತ ಜಾಸ್ತಿ ನಾಚಿಕೆಯಾಯಿತು.

ಫೋನ್ ಬದಲಿಸಲಿಲ್ಲ. ಈಗ ಸಂಜೆ ಏಳಕ್ಕೆ ಮ್ಯಾನೇಜರ್ ಅವರೇ ಕರೆ ಮಾಡುತ್ತಾರೆ. ಯಾವ ಬ್ಲಾಕ್, ಏನು ಕೆಲಸ, ಎಷ್ಟು ಆಳು ಅಂತ ಹೇಳುತ್ತಾರೆ. ನಾನು ಅದನ್ನೇ ತಿರುಗಿ ಒಪ್ಪಿಸುತ್ತೇನೆ, ಮಗ್ಗಿ ಹೇಳುವ ಹುಡುಗನ ಹಾಗೆ. ಎರಡು ನಿಮಿಷದ ಕೆಲಸ. ಮೊನ್ನೆ “ನಾಲ್ಕನೇ ಬ್ಲಾಕ್, ಮರಗಸಿ, ಹನ್ನೆರಡು ಆಳು” ಅಂತ ಒಪ್ಪಿಸಿ ಟಪ್ಪನೆ ಮುಚ್ಚಿಬಿಟ್ಟೆ. ಮತ್ತೆ ರಿಂಗಾಯಿತು.

“ನಂದಿನ್ನೂ ಮುಗ್ದಿರ್ಲಿಲ್ಲ ರೈಟ್ರೇ.”