ಆರ್‌ಎಕ್ಸ್ 100ರ ಮುಂದಿನ ಶಾಕ್: ಮಲ್ಪೆಯ ಉಪ್ಪಿನಿಂದ ಆಗುಂಬೆ ಘಾಟಿವರೆಗೆ

ನನ್ನ ಯಮಹಾ ಆರ್‌ಎಕ್ಸ್ 100 ಬೈಕ್ 1994ರ ಗಾಡಿ. ನನಗಿಂತ ಮೊದಲು ಅದು ಮಲ್ಪೆ ಬಂದರಿನಲ್ಲಿ ಕೆಲಸ ಮಾಡುವವರೊಬ್ಬರ ಹತ್ತಿರ ಇತ್ತು. ಎಂಜಿನ್ ಕೆಲಸ ಹೋದ ವರ್ಷವೇ ಮುಗಿಯಿತು. ಉಳಿದದ್ದು ಮುಂದಿನ ಶಾಕ್. ಬ್ರೇಕ್ ಹಿಡಿದರೆ ಮುಂಭಾಗ ಪೂರ್ತಿ ಕುಸಿಯುತ್ತದೆ. ಆದರೆ ಸಣ್ಣ ಹೊಂಡಕ್ಕೆ ಅಲುಗುವುದೇ ಇಲ್ಲ, ಏಟು ಸೀದಾ ಮಣಿಕಟ್ಟಿಗೆ ಬರುತ್ತದೆ. ಮೆತ್ತಗೂ ಹೌದು, ಗಟ್ಟಿಯೂ ಹೌದು. ಒಂದೇ ಶಾಕ್ ಎರಡೂ ಆಗುವುದು ಹೇಗೆ ಎಂದು ತುಂಬ ದಿನ ತಲೆ ಕೆಡಿಸಿಕೊಂಡೆ.

ಕೇಳಿದವರೆಲ್ಲ ಹೇಳಿದ್ದು ಒಂದೇ. "ದಪ್ಪ ಆಯಿಲ್ ಹಾಕಿ ಮಾರಾಯ್ರೆ, ಸರಿ ಆಗ್ತದೆ." ಒಂದು ಗ್ಯಾರೇಜಿನಲ್ಲಿ ಹಾಗೆ ಮಾಡಿಸಿಯೂ ಆಗಿತ್ತು. ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಸೀಲ್ ಹೊಸದು, ಆಯಿಲ್ ಹೊಸದು. ಮೂರು ತಿಂಗಳಲ್ಲಿ ಬಲಗಡೆ ಮತ್ತೆ ಸೋರಲು ಶುರುವಾಯಿತು. ಹಾಗಾಗಿ ಈ ಸಲ ಮಳೆ ಬಿಟ್ಟ ಮೇಲೆ ಮನೆಯಲ್ಲೇ ಬಿಚ್ಚಿದೆ.

ಮೊದಲ ಭಾನುವಾರ

ಬಿಚ್ಚುವ ಮೊದಲು ಅಳತೆ. ಇದನ್ನು ಯಾರೂ ಬಿಡಬೇಡಿ. ಮೊದಲಿನ ಲೆಕ್ಕ ಇಲ್ಲದಿದ್ದರೆ ಆಮೇಲೆ ಸರಿಯಾಯಿತೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ, ಅಲ್ವಾ?

ಮುಂದಿನ ಶಾಕಿಗೆ ಎರಡು ಕಾಲು, ಒಂದೊಂದರಲ್ಲೂ ಮೇಲಿನ ಕ್ರೋಮ್ ಪೈಪ್ ಕೆಳಗಿನ ಕೊಳವೆಯೊಳಗೆ ಜಾರುತ್ತದೆ. ಆ ಪೈಪಿಗೆ ಒಂದು ಕೇಬಲ್ ಟೈ ಕಟ್ಟಿದೆ, ಶಾಕ್ ಎಷ್ಟು ಇಳಿಯಿತು ಎಂದು ಅದು ಸರಿದ ಜಾಗ ಹೇಳುತ್ತದೆ. ಮುಂದಿನ ಚಕ್ರ ಗಾಳಿಯಲ್ಲಿರುವಾಗ ಕಾಣುವ ಪೈಪಿನ ಉದ್ದ ಬರೆದುಕೊಂಡೆ. ಆಮೇಲೆ ನಾನು ಗಾಡಿಯ ಮೇಲೆ ಕೂತೆ. ಹಿಂದಿನಿಂದ ತಮ್ಮ ಹಿಡಿದುಕೊಂಡ, ಅಮ್ಮ ಸ್ಕೇಲ್ ಹಿಡಿದರು. ಹ್ಯಾಂಡಲ್ ಒತ್ತಿ ಮೆಲ್ಲ ಬಿಟ್ಟರೆ ಶಾಕ್ 50 ಮಿಮೀ ಕೂತಲ್ಲೇ ನಿಂತಿತು. ಹ್ಯಾಂಡಲ್ ಎತ್ತಿ ಮೆಲ್ಲ ಬಿಟ್ಟರೆ 34 ಮಿಮೀ ಇಳಿದು ನಿಂತಿತು. ಭಾರ ಅದೇ, ಸ್ಪ್ರಿಂಗ್ ಅದೇ. ಆದರೂ 16 ಮಿಮೀ ವ್ಯತ್ಯಾಸ! ಶಾಕ್ ಒಳಗೆ ಎಲ್ಲೋ ಹಿಡಿದುಕೊಳ್ಳುತ್ತಿದೆ ಎಂದು ಅರ್ಥ. ಎರಡರ ಸರಾಸರಿ 42. ನನ್ನ ಗಾಡಿಯಲ್ಲಿ ಶಾಕಿನ ಒಟ್ಟು ಓಟ, ಅಂದರೆ ಅದು ಇಳಿಯಬಲ್ಲ ಪೂರ್ತಿ ದೂರ, 108 ಮಿಮೀ. ಅಂದರೆ ಸುಮ್ನೆ ಕೂತಾಗಲೇ ಸುಮಾರು 39 ಶೇಕಡ ಖರ್ಚಾಗಿದೆ. ರಸ್ತೆಯ ಗಾಡಿಗೆ 30ರ ಆಸುಪಾಸು ಇದ್ದರೆ ಚೆನ್ನ.

ಚಕ್ರ ಎತ್ತಿರುವಾಗಲೇ ಹ್ಯಾಂಡಲ್ ಅನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿದೆ. ನಟ್ಟ ನಡುವೆ ಟಕ್ ಎಂದು ಕೂರುತ್ತದೆ. ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್ಟಿನಲ್ಲಿ ಗುಂಡುಗಳು ಹೊಂಡ ಮಾಡಿವೆ. ಅದನ್ನೂ ಹೊಸದು ಹಾಕಿದೆ, ಅದರ ಕತೆ ಅಷ್ಟೇ.

ಬಿಚ್ಚಿದಾಗ ಕಂಡದ್ದು

ಎರಡೂ ಪೈಪನ್ನು ಹಿಡಿದಿಡುವ ಕ್ಲ್ಯಾಂಪಿಗೆ ಟೀ ಎನ್ನುತ್ತಾರೆ. ಪೈಪನ್ನು ಟೀ ಹಿಡಿದಿರುವಾಗಲೇ ಮೇಲಿನ ಬೋಲ್ಟ್ ಒಂದು ಸುತ್ತು ಸಡಿಲ ಮಾಡಿ. ಹೊರಗೆ ತೆಗೆದ ಮೇಲೆ ಕೈಯಲ್ಲಿ ಹಿಡಿದು ಬಿಚ್ಚುವುದು ತುಂಬ ಕಷ್ಟ. ಕೊನೆಯ ಎಳೆ ಬರುವಾಗ ಅಂಗೈಯಿಂದ ಒತ್ತಿ ಹಿಡಿಯಿರಿ, ಕೆಳಗೆ ಸ್ಪ್ರಿಂಗ್ ಇದೆ.

ಆಯಿಲ್ ಅಳೆದೆ. ಎಡಗಡೆ 140 ಎಂಎಲ್, ಸೋರುತ್ತಿದ್ದ ಬಲಗಡೆ 95. ಕಪ್ಪು ಬಣ್ಣ, ತಳದಲ್ಲಿ ಬೂದಿಯಂಥ ಕೆಸರು. ತಳದ ಅಲೆನ್ ಬೋಲ್ಟ್ ತಿರುಗಿಸಿದರೆ ಒಳಗಿನ ರಾಡ್ ಕೂಡ ಅದರ ಜೊತೆ ತಿರುಗುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೆ ಅಡಿಕೆ ಮರದ ಒಂದು ಸೀಳನ್ನು ತುದಿ ಚೂಪು ಮಾಡಿ ಮೇಲಿನಿಂದ ಪೈಪಿನೊಳಗೆ ತುರುಕಿ ಒತ್ತಿ ಹಿಡಿದೆ. ರಾಡ್ ನಿಂತಿತು, ಬೋಲ್ಟ್ ಬಂತು.

ಹಿಂದಿನ ಯಜಮಾನರು ಪೈಪಿಗೆ ರಬ್ಬರ್ ಬೂಟ್, ಅಂದರೆ ರಬ್ಬರಿನ ಹೊದಿಕೆ ಹಾಕಿಸಿದ್ದರು. ಧೂಳು ತಡೆಯಲಿ ಎಂದೇ ಇರಬೇಕು. ಆದರೆ ನಮ್ಮ ಊರಿನಲ್ಲಿ ಬೂಟ್ ಒಳಗೆ ನೀರು ನಿಂತರೆ ಒಣಗುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಾಗ, ಮೇಲಿನಿಂದ ಕಡಲ ಗಾಳಿಯ ಉಪ್ಪು. ಬೂಟ್ ಎತ್ತಿದರೆ ಬಲ ಪೈಪಿನ ಕ್ರೋಮಿನಲ್ಲಿ ಎರಡು ತುಕ್ಕಿನ ತೂತು. ಎರಡೂ ಸೀಲ್ ಓಡಾಡುವ ಜಾಗದಲ್ಲೇ. ಪ್ರತಿ ಸಲ ಅದರ ಮೇಲೆ ಹಾದಾಗ ಸೀಲಿನ ತುಟಿ ಹರಿಯುತ್ತದೆ. ಎಷ್ಟು ಹೊಸ ಸೀಲ್ ಹಾಕಿದರೇನು?

ಪೈಪ್ ಸೊಟ್ಟ ಇದೆಯಾ ಎಂದು ನೋಡಲು ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಪೇಪರ್ ಹಾಸಿ ಉರುಳಿಸಿದೆ. ಎರಡೂ ನೇರ. ಆಮೇಲೆ ತೂತುಗಳನ್ನು ಸೂಜಿಯಿಂದ ಕೆರೆದು, ಥಿನ್ನರ್‌ನಲ್ಲಿ ಒರೆಸಿ, ಅರಾಲ್ಡೈಟ್ ತುಂಬಿದೆ. ಇಡೀ ಒಂದು ದಿನ ಬಿಟ್ಟು 1500, ಮತ್ತೆ 2000 ನಂಬರಿನ ವಾಟರ್ ಪೇಪರಿನಿಂದ ಉಗುರಿಗೆ ತಾಗದಷ್ಟು ನಯ ಮಾಡಿದೆ. ಸಣ್ಣ ತೂತಿಗೆ ಇದು ನಡೆಯುತ್ತದೆ. ಕ್ರೋಮ್ ಸಿಪ್ಪೆ ಏಳುತ್ತಿದ್ದರೆ ಪೈಪೇ ಬದಲಿಸಬೇಕು, ಬೇರೆ ದಾರಿ ಇಲ್ಲ.

ನಿಜವಾದ ಕಳ್ಳ

ಹೊಸ ಸೀಲ್ ಹಾಕುವಾಗ ಪೈಪಿನ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಆಯಿಲ್ ಸವರಿ ಇಳಿಸಿದೆ. ಸಣ್ಣ ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ, ಅಂದರೆ ಕೆಳಗೆ. ಹಳೆ ಸೀಲನ್ನು ಮೇಲಿಟ್ಟು ಪಿವಿಸಿ ಪೈಪಿನಿಂದ ತಟ್ಟಿ ಕೂರಿಸಿದೆ.

ಇಲ್ಲಿ ಕಟಪಾಡಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದ್ದು ನೆನಪಾಯಿತು. "ಸ್ಪ್ರಿಂಗ್ ಹಾಕುವ ಮೊದಲು ಚಕ್ರ ಕಟ್ಟಿ, ಕೈಯಲ್ಲಿ ಮೇಲೆ ಕೆಳಗೆ ಮಾಡಿ ನೋಡಿ. ಎಲ್ಲಿ ಹಿಡಿಯುತ್ತದೆ ಅಂತ ಅದೇ ಹೇಳ್ತದೆ." ಹಾಗೆ ಮಾಡಿದೆ. ಚಕ್ರ, ಆಕ್ಸಲ್, ಮಡ್‌ಗಾರ್ಡ್ ಎಲ್ಲ ಬಿಗಿದು ಎತ್ತಿದರೆ ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಮಡ್‌ಗಾರ್ಡಿನ ನಾಲ್ಕು ಬೋಲ್ಟ್ ಸಡಿಲ ಮಾಡಿದೆ. ಚಕ್ರ ಬೆಣ್ಣೆಯ ಹಾಗೆ ಜಾರಿತು.

ನಾನು ಅಲ್ಲೇ ಕೂತುಬಿಟ್ಟೆ. ಇಷ್ಟು ವರ್ಷ ತೊಂದರೆ ಕೊಟ್ಟದ್ದು ಮಡ್‌ಗಾರ್ಡ್! ಅದು ಯಾವುದೋ ಬೇರೆ ಗಾಡಿಯದ್ದು. ಬ್ರಾಕೆಟ್ ಎರಡು ಕಾಲುಗಳ ಅಂತರಕ್ಕಿಂತ ಕಿರಿದು. ಬೋಲ್ಟ್ ಬಿಗಿದಾಗ ಎರಡೂ ಕಾಲುಗಳನ್ನು ಒಳಗೆ ಎಳೆಯುತ್ತದೆ. ಪೈಪ್ ಓರೆಯಾಗಿ ಉಜ್ಜುತ್ತದೆ. ಸಣ್ಣ ಹೊಂಡದ ಏಟಿಗೆ ಆ ಹಿಡಿತ ಬಿಡುವುದಿಲ್ಲ, ಅದಕ್ಕೇ ಗಟ್ಟಿ. ಬ್ರೇಕಿನ ಜೋರು ಭಾರಕ್ಕೆ ಬಿಡುತ್ತದೆ. ಆಗ ಒಳಗೆ ಆಯಿಲ್ ಕಮ್ಮಿ, ಅದಕ್ಕೇ ಕುಸಿತ. ಬ್ರಾಕೆಟ್ ಮತ್ತು ಕಾಲಿನ ನಡುವೆ ಎರಡೂ ಬದಿ 3 ಮಿಮೀ ವಾಷರ್ ಕೊಟ್ಟೆ. ಆಕ್ಸಲ್ ಬಿಗಿದು, ಗಾಡಿ ನೆಲಕ್ಕಿಳಿಸಿ, ಹತ್ತು ಸಲ ಹ್ಯಾಂಡಲ್ ಒತ್ತಿದೆ. ಕಾಲುಗಳು ತಮ್ಮಷ್ಟಕ್ಕೆ ಕೂತ ಮೇಲೆ ಕೆಳಗಿನ ಟೀ ಮತ್ತು ಮಡ್‌ಗಾರ್ಡ್ ಬಿಗಿದೆ.

ಮತ್ತೆ ಅಳತೆ: 44 ಮತ್ತು 40. ಸರಾಸರಿ ಅದೇ 42! ಸ್ಪ್ರಿಂಗ್ ಬದಲಾಗಿಲ್ಲವಲ್ಲ, ಅದು ಬದಲಾಗಬಾರದು ಕೂಡ. ಹೋದದ್ದು ಹಿಡಿತ ಮಾತ್ರ. 16ರಿಂದ 4ಕ್ಕೆ. ಆ ಎರಡು ಸಂಖ್ಯೆ ಬರೆಯುವಾಗ ಆದ ಖುಷಿ ಎಂಜಿನ್ ಸ್ಟಾರ್ಟ್ ಆದ ದಿನವೂ ಆಗಿರಲಿಲ್ಲ.

ಆಯಿಲ್ ವಿಷಯ

ಎಲ್ಲರೂ ಹೇಳಿದ್ದಾರಲ್ಲ ಎಂದು ಮೊದಲು ದಪ್ಪದ 15ಡಬ್ಲ್ಯೂ ಆಯಿಲ್ ಹಾಕಿದೆ (ನಂಬರ್ ಹೆಚ್ಚಿದಷ್ಟೂ ಆಯಿಲ್ ದಪ್ಪ). ಹೆದ್ದಾರಿ 66ರ ರಂಬಲ್ ಸ್ಟ್ರಿಪ್ ಮೇಲೆ ಹೋದರೆ ಕೈ ಜುಮ್ಮೆಂದಿತು. ಕಾರಣ ಈ ಶಾಕಿನ ರಚನೆಯಲ್ಲೇ ಇದೆ. ಒಳಗಿನ ರಾಡಿನಲ್ಲಿ ಬರೀ ತೂತುಗಳು, ವಾಲ್ವ್ ಏನೂ ಇಲ್ಲ. ತೂತಿನಲ್ಲಿ ಆಯಿಲ್ ಎರಡು ಪಟ್ಟು ವೇಗದಲ್ಲಿ ನುಗ್ಗಬೇಕಾದರೆ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಆಗುತ್ತದೆ. ಬ್ರೇಕ್ ಹಿಡಿದಾಗ ಶಾಕ್ ನಿಧಾನ ಇಳಿಯುತ್ತದೆ, ಆಗ ಆಯಿಲ್ ಅಷ್ಟೇನೂ ತಡೆಯುವುದಿಲ್ಲ. ಚೂಪು ಏಟಿಗೆ ಶಾಕ್ ವೇಗವಾಗಿ ಓಡಬೇಕು, ಆಗ ಆಯಿಲ್ ಗೋಡೆಯಂತೆ ನಿಲ್ಲುತ್ತದೆ. ದಪ್ಪ ಆಯಿಲ್ ಹಾಕಿದರೆ ಬ್ರೇಕಿಗೆ ಸ್ವಲ್ಪ ಲಾಭ, ಏಟಿಗೆ ಜಾಸ್ತಿ ನಷ್ಟ.

15 ತೆಗೆದು 10ಡಬ್ಲ್ಯೂ ಹಾಕಿದೆ. ಡಬ್ಬಿಯ ಮೇಲಿನ ಈ ನಂಬರ್ ಕಂಪನಿಯಿಂದ ಕಂಪನಿಗೆ ಒಂದೇ ದಪ್ಪ ಇರುವುದಿಲ್ಲ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತೆ) ಎಂದು ನೋಡಿ ಹೋಲಿಸುವುದು ಒಳ್ಳೆಯದು.

ಮಟ್ಟ ನೋಡಲು ಮೆಡಿಕಲ್‌ನಿಂದ ದೊಡ್ಡ ಸಿರಿಂಜ್ ಮತ್ತು ಡ್ರಿಪ್ ಟ್ಯೂಬ್ ತಂದೆ. ಸ್ಪ್ರಿಂಗ್ ಹೊರಗಿಟ್ಟು, ಪೈಪ್ ಪೂರ್ತಿ ಕೆಳಗೆ ಒತ್ತಿ, ಗುಳ್ಳೆ ಹೋಗುವವರೆಗೆ ಪಂಪ್ ಮಾಡಿ, ಟ್ಯೂಬನ್ನು ಬೇಕಾದ ಆಳಕ್ಕೆ ಇಳಿಸಿ, ಹೆಚ್ಚಿದ್ದನ್ನು ಎಳೆದರೆ ಆಯಿತು. ಎರಡೂ ಕಾಲಿನಲ್ಲಿ ಒಂದೇ ಮಟ್ಟ ಬರುತ್ತದೆ.

ಇನ್ನು ಸ್ಪ್ರಿಂಗ್. ಪಿವಿಸಿ ಪೈಪಿನಿಂದ 10 ಮಿಮೀ ತುಂಡು ಕೊಯ್ದು, ಎರಡೂ ಕಡೆ ವಾಷರ್ ಇಟ್ಟು, ಸ್ಪ್ರಿಂಗ್ ಮೇಲೆ ಹಾಕಿದೆ. ಇದರಿಂದ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ತಪ್ಪು ತಿಳುವಳಿಕೆ ತುಂಬ ಇದೆ, ಆದರೆ ಆಗುವುದಿಲ್ಲ. ಗಾಡಿ ಸ್ವಲ್ಪ ಮೇಲೆ ಕೂರುತ್ತದೆ, ಹೊಂಡಕ್ಕೆ ಹೆಚ್ಚು ಓಟ ಉಳಿಯುತ್ತದೆ. ಈಗ 34 ಮತ್ತು 30, ಸರಾಸರಿ 32, ಅಂದರೆ ಓಟದ ಸುಮಾರು 30 ಶೇಕಡ. ಬೇಕಾದದ್ದು ಸಿಕ್ಕಿತು.

ಪಡುಕೆರೆ, ಆಮೇಲೆ ಘಾಟಿ

ಮೊದಲು ಪಡುಕೆರೆ ರಸ್ತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಮೊದಲು ಎಣಿಸಿ ಎಣಿಸಿ ತಪ್ಪಿಸುತ್ತಿದ್ದ ಸಣ್ಣ ಹೊಂಡಗಳು ಈಗ ಚಕ್ರದಲ್ಲೇ ಮುಗಿಯುತ್ತವೆ. ಆದರೆ ಜೋರು ಬ್ರೇಕಿಗೆ ಕೇಬಲ್ ಟೈ 101ರವರೆಗೆ ಹೋಗಿತ್ತು. ಉಳಿದದ್ದು 7 ಮಿಮೀ, ಘಾಟಿಗೆ ಸಾಲದು.

ಆಯಿಲ್ ಮಟ್ಟ 10 ಮಿಮೀ ಏರಿಸಿದೆ. ಒಂದೊಂದು ಕಾಲಿಗೆ 5 ಎಂಎಲ್ ಚಿಲ್ಲರೆ ಅಷ್ಟೇ. ಮೇಲಿನ ಗಾಳಿಗೆ ಜಾಗ ಕಮ್ಮಿಯಾಗುತ್ತದೆ. ಶಾಕ್ ಕೊನೆಗೆ ಬರುವಾಗ ಆ ಗಾಳಿ ಹಿಂಡಿಕೊಂಡು ಇನ್ನೊಂದು ಸ್ಪ್ರಿಂಗ್ ಆಗಿ ನಿಲ್ಲುತ್ತದೆ. ಓಟದ ಮೊದಲ ಅರ್ಧದಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ, ಮೆತ್ತಗಿದ್ದದ್ದು ಮೆತ್ತಗೇ ಇರುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಯೋಗ ಇರುವ ಕೆಲಸ ಇನ್ನೊಂದು ನನಗೆ ಸಿಕ್ಕಿಲ್ಲ.

ಮರುವಾರ ಬೆಳಿಗ್ಗೆ ಮಣಿಪಾಲ, ಪರ್ಕಳ, ಹಿರಿಯಡಕ, ಹೆಬ್ರಿ ದಾಟಿ ಸೋಮೇಶ್ವರಕ್ಕೆ. ಅಲ್ಲಿಂದ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಹತ್ತಿ, ಚಹಾ ಕುಡಿದು, ಮತ್ತೆ ಇಳಿದೆ. ಇಳಿಯುವಾಗಲೇ ಪರೀಕ್ಷೆ. ತಿರುವಿನ ಮೊದಲು ಬ್ರೇಕ್ ಹಿಡಿದರೆ ಮುಂಭಾಗ ಇಳಿದು ಒಂದು ಕಡೆ ನಿಲ್ಲುತ್ತದೆ, ಹ್ಯಾಂಡಲ್ ಹೇಳಿದ ಕಡೆಗೆ ತಿರುಗುತ್ತದೆ. ಕೆಳಗೆ ಬಂದು ನೋಡಿದರೆ ಕೇಬಲ್ ಟೈ 94ರಲ್ಲಿ ಇತ್ತು.

ಈಗ 600 ಕಿಲೋಮೀಟರ್ ಆಯಿತು. ಎರಡೂ ಸೀಲ್ ಸೋರಿಲ್ಲ, ಒಣಗಿಯೇ ಇವೆ. ರಬ್ಬರ್ ಬೂಟ್ ಮತ್ತೆ ಹಾಕಿಲ್ಲ. ಕಡಲ ಕಡೆ ಹೋಗಿ ಬಂದ ದಿನ ಪೈಪಿಗೆ ಸಿಹಿನೀರು ಹಾಕಿ, ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರುತ್ತೇನೆ. ಅರಾಲ್ಡೈಟ್ ಜಾಗವನ್ನು ವಾರಕ್ಕೊಮ್ಮೆ ಉಗುರಿನಿಂದ ತಡವಿ ನೋಡುತ್ತೇನೆ. ಒಳ್ಳೆಯ ಪೈಪ್ ಜೋಡಿ ಸಿಕ್ಕಿದರೆ ಬದಲಿಸುವುದು ಇದ್ದೇ ಇದೆ. ಸರಿಯಾದ ಮಡ್‌ಗಾರ್ಡ್ ಕೂಡ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ವಾಷರ್ ಅಲ್ಲೇ ಇರುತ್ತದೆ, ಕೇಬಲ್ ಟೈ ಕೂಡ.